ಪಾತ್ರೆದು ಬಂದೈತೆ

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರದಲ್ಲಿ ಅರ್ಧ ಕೆಲಸ ಬಾಗಿಲಲ್ಲಿ ಕಾಯುವುದು. ಮನೆಯಾಕೆ ಒಳಗೆ ಹೋಗಿ, ಟ್ರಂಕು ತೆಗೆದು, ಯಾವ ಸೀರೆ ಕೊಡಲಿ ಯಾವುದು ಇಟ್ಟುಕೊಳ್ಳಲಿ ಎಂದು ಗೊಣಗುತ್ತಾ ನಿಂತಿರುವಷ್ಟು ಹೊತ್ತೂ ನಾವು ಜಗಲಿಯ ತುದಿಯಲ್ಲಿ ಪಾತ್ರೆ ತುಂಬಿದ ಮಂಕರಿ ಇಳಿಸಿಕೊಂಡು ಕೂತಿರಬೇಕು. ಒಳಗಿನ ಮಾತು ಹೊರಗೆ ಕೇಳುತ್ತಿರುತ್ತದೆ. ಯಾರಾದರೂ ಈ ಕಸುಬಿಗೆ ಇಳಿಯುವವರಿದ್ದರೆ ಹೇಳುತ್ತೇನೆ: ಆ ಹೊತ್ತಿನಲ್ಲಿ ಬೀದಿ ನೋಡಿಕೊಂಡು ಕೂರಬೇಡಿ, ಕಿವಿ ಒಳಗಿಡಿ. ಆಕೆಗೆ ಟಿಫನ್ ಕ್ಯಾರಿಯರ್ ಮೇಲೆ ಕಣ್ಣಿದೆಯೋ ಡಬರಿಯ ಮೇಲೋ, ಗಂಡನಿಗೆ ಹೇಳಿ ಕೊಡುತ್ತಿದ್ದಾಳೋ ಹೇಳದೆ ಕೊಡುತ್ತಿದ್ದಾಳೋ, ಎಲ್ಲ ಅಲ್ಲೇ ತಿಳಿದುಹೋಗುತ್ತದೆ. ಆಕೆ ಹೊರಗೆ ಬರುವಷ್ಟರಲ್ಲಿ ಚೌಕಾಸಿ ನಿಮ್ಮ ಮನಸ್ಸಿನಲ್ಲಿ ಮುಗಿದಿರಬೇಕು.

ನಾನು ಕಿವಿ ಒಳಗಿಡುತ್ತಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಬಾಣಾವರದ ಹತ್ತಿರದ ಹಳ್ಳಿಯೊಂದರಲ್ಲಿ ಗಂಡು ಮಗು ಎಂದು ಹುಟ್ಟಿ, ಮೀಸೆ ಮೂಡುವ ಮೊದಲೇ ಮನೆ ಬಿಟ್ಟು, ಅರಸೀಕೆರೆಗೆ ಬಂದು ಸೀರೆ ಉಟ್ಟು ಬದುಕಿದವಳು ನಾನು. ಈಗ ಇದಕ್ಕೆ ವೇದಿಕೆಯ ಮೇಲೆ ನಿಂತು ಹೇಳಬಹುದಾದ ಪದಗಳಿವೆ. ಎಪ್ಪತ್ತರ ದಶಕದಲ್ಲಿ ಇದ್ದದ್ದೆಲ್ಲ ಬೈಗುಳ. ಆದರೆ ನಮ್ಮ ಕನ್ನಡ ಒಂದು ಉಪಕಾರ ಮಾಡಿದೆ. ‘ಬಂದೆ’, ‘ಹೋದೆ’, ‘ಉಂಡೆ’ ಎಂದು ನನ್ನ ಬಗ್ಗೆ ನಾನು ಎಷ್ಟು ಹೇಳಿಕೊಂಡರೂ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಗೊತ್ತಾಗುವುದು ನನ್ನ ವಿಷಯ ಒಬ್ಬರು ಇನ್ನೊಬ್ಬರಿಗೆ ಹೇಳುವಾಗ. ಆಗ ‘ಬಂದವ್ನೆ’ ಅನ್ನಬೇಕು, ಇಲ್ಲವೇ ‘ಬಂದವ್ಳೆ’ ಅನ್ನಬೇಕು. ಎರಡಕ್ಕೂ ಮನಸ್ಸಿಲ್ಲದಿದ್ದರೆ ‘ಬಂದೈತೆ’. ಹಾಗಾಗಿ ನಾನು ಏನು ಎಂಬ ತೀರ್ಮಾನ ಯಾವಾಗಲೂ ನನ್ನ ಬೆನ್ನ ಹಿಂದೆ, ಇಲ್ಲವೇ ಗೋಡೆಯ ಆಚೆ ಆಗುತ್ತಿತ್ತು.

ಒಂದೊಂದು ಊರಿನಲ್ಲಿ ಒಂದೊಂದು ತೀರ್ಮಾನ. ಬೇಲೂರಿನಲ್ಲಿ ನಾನು ಪಾತ್ರೆಯಮ್ಮ. ಗೆಂಡೆಹಳ್ಳಿಯಲ್ಲಿ ಸೀರೆ, ಕುಂಕುಮ, ತುರುಬು ಎಲ್ಲ ಇದ್ದರೂ ಪಾತ್ರೆಯವನು. ಹಳೇಬೀಡಿನಲ್ಲಿ ಪಾತ್ರೆದು. ಬೆಳಿಗ್ಗೆ ಬಸ್ ಹತ್ತಿದವಳು ಸಂಜೆಯೊಳಗೆ ಮೂರು ಜನ ಆಗಿ ಇಳಿಯುತ್ತಿದ್ದೆ. ಯಾರು ಸರಿ ಎಂದು ಕೇಳಿದರೆ ನನಗೂ ಹೇಳಲು ಬರುತ್ತಿರಲಿಲ್ಲ. ಪಾತ್ರೆಯಮ್ಮ ಎಂದವರೇ ಪಾತ್ರೆಯ ಅಂಚು ನಜ್ಜಿದೆ ಎಂದು ಸುಳ್ಳು ಹೇಳಿ ಎರಡು ಲೋಟ ಹೆಚ್ಚು ಕಿತ್ತುಕೊಳ್ಳುತ್ತಿದ್ದರು. ಪಾತ್ರೆಯವನು ಎಂದವರ ಮನೆಯಲ್ಲೇ ರಾಗಿ ರೊಟ್ಟಿ ಸಿಗುತ್ತಿತ್ತು.

ನನ್ನ ಸುಖ ಇದ್ದದ್ದು ಸಂಜೆಗೆ. ಅರಸೀಕೆರೆಯ ರೈಲ್ವೆ ಗೇಟಿನ ಹಿಂದಿನ ವಠಾರದಲ್ಲಿ ನನಗೊಂದು ಕೋಣೆ ಇತ್ತು. ಬಂದ ಸೀರೆಗಳಲ್ಲಿ ಹರಿದವು ಕೌದಿ ಹೊಲಿಯುವವರಿಗೆ, ಉಡುವಂಥವು ಸಂತೆಗೆ. ಅದಕ್ಕೆ ಮೊದಲು ಚೆನ್ನಾಗಿರುವುದನ್ನು ಒಗೆದು, ಬಾಗಿಲು ಹಾಕಿಕೊಂಡು, ಒಂದು ಸಂಜೆ ನಾನು ಉಡುತ್ತಿದ್ದೆ. ಉಟ್ಟುಕೊಂಡೇ ಒಲೆ ಹಚ್ಚುವುದು, ಉಟ್ಟುಕೊಂಡೇ ಈರುಳ್ಳಿ ಹೆಚ್ಚುವುದು. ಸೀರೆ ಉಟ್ಟವಳ ಎತ್ತರ ನೆರಿಗೆಯ ಗುರುತಿನಲ್ಲಿ ತಿಳಿಯುತ್ತದೆ, ಮಗು ಎತ್ತಿಕೊಳ್ಳುವ ಪಕ್ಕ ಸೊಂಟದ ಸವೆತದಲ್ಲಿ. ಇವತ್ತು ಗೆಂಡೆಹಳ್ಳಿಯ ಬಾಣಂತಿ, ನಾಳೆ ಬೇಲೂರಿನ ಟೀಚರಮ್ಮ. ಯಾರೂ ನೋಡುವವರಿರಲಿಲ್ಲ. ಸೀಮೆಎಣ್ಣೆಗೆ ಸಾಲು ನಿಂತು, ಸಕ್ಕರೆ ಕಾಣದೆ ಬೆಲ್ಲದ ಕಾಫಿ ಕುಡಿದ ಆ ವರ್ಷಗಳಲ್ಲಿ ಅಷ್ಟು ಸಾಕಾಗಿತ್ತು. ವ್ಯಾಪಾರಸ್ಥರಿಗೆ ಇನ್ನೊಂದು ಮಾತು: ಮಾರುವ ಸಾಮಾನನ್ನು ಒಮ್ಮೆ ನೀವು ಬಳಸಿ ನೋಡಿ. ಬೆಲೆ ಹೇಳುವಾಗ ದನಿ ಗಟ್ಟಿಯಾಗುತ್ತದೆ.

ಆ ಕೋಣೆ ಹೋಯಿತು. ವಠಾರಕ್ಕೆ ಇದ್ದದ್ದು ಹೆಂಗಸರಿಗೊಂದು, ಗಂಡಸರಿಗೊಂದು ಕಕ್ಕಸು. ನಾನು ಹೆಂಗಸರ ಸಾಲಿನಲ್ಲೇ ಚೊಂಬು ಹಿಡಿದು ನಿಲ್ಲುತ್ತಿದ್ದೆ, ಯಾರದೂ ತಕರಾರಿರಲಿಲ್ಲ. ಹೊಸದಾಗಿ ಬಂದ ಒಂದು ಸಂಸಾರದವರು ತಕರಾರು ತೆಗೆದರು. ವಠಾರದ ಯಜಮಾನ ಕರೆಸಿ, “ನಾಳೆಯಿಂದ ಆ ಕಡೆ ಸಾಲಿಗೆ ನಿಂತ್ಕೋ” ಅಂದ. ಆ ಕಡೆ ಸಾಲಿನವರು, “ಏನ್ಲಾ, ಇದು ಇಲ್ಲಿಗ್ಯಾಕ್ಲಾ ಬಂತು?” ಎಂದು ನಕ್ಕು ಸೀರೆ ಎಳೆದರು. ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ವಾರ ತುಂಬುವ ಮೊದಲೇ ಮಂಕರಿ ಹೊತ್ತು ಹೊರಗೆ ಬಂದೆ.

ಆಮೇಲೆ ಸ್ಟೇಷನ್ನಿನ ಬೆಂಚು. ಹೆಂಗಸರ ವೇಯ್ಟಿಂಗ್ ರೂಮಿನ ಆಯಾ ಬಾಗಿಲಲ್ಲೇ ತಡೆದಳು, ಗಂಡಸರ ಕಡೆ ಹೋಗಲು ನನಗೇ ಭಯ. ಬೇಲೂರಿನಲ್ಲಿ ಬಾಡಿಗೆಗೆ ಕೋಣೆ ಇದೆ ಎಂದವರು ನನ್ನನ್ನು ಕಂಡ ಕೂಡಲೇ “ನಿನ್ನೆನೇ ಕೊಟ್ಬಿಟ್ವಲ್ಲಾ” ಅನ್ನುತ್ತಿದ್ದರು. ಎಂಥ ಜಿಪುಣರ ಕೈಯಿಂದಲೂ ಜರಿ ಸೀರೆ ಬಿಡಿಸಿಕೊಂಡು ಬಂದವಳು ನಾನು. ಕೋಣೆಯ ವಿಷಯಕ್ಕೆ ಬಂದರೆ ಚೌಕಾಸಿ ಶುರುವಾಗುವ ಮೊದಲೇ ಅಂಗಡಿ ಮುಚ್ಚುತ್ತಿತ್ತು. ಒಳ್ಳೆ ಸೀರೆಗಳು ಬರುತ್ತಲೇ ಇದ್ದವು. ಉಡಲು ಬಾಗಿಲಿರುವ ಜಾಗ ಇರಲಿಲ್ಲ. ಹಾಗೇ ಗಂಟು ಕಟ್ಟಿ ಮಾರಿಬಿಡುತ್ತಿದ್ದೆ.

ಹಳೇಬೀಡಿನ ಬಸ್ತಿಯ ಹತ್ತಿರ ಜೈನರ ಮನೆಯೊಂದಿತ್ತು. ಆ ಮನೆಯ ಹಿರಿಯಾಕೆ ನನ್ನ ಹಳೆಯ ಗಿರಾಕಿ. ಗಂಡ ತೀರಿಕೊಂಡಿದ್ದ, ಮಗ ಪೇಟೆಯಲ್ಲಿ ದಿನಸಿ ಅಂಗಡಿ ನೋಡಿಕೊಳ್ಳುತ್ತಿದ್ದ, ಮಗಳನ್ನು ಹಾಸನಕ್ಕೆ ಕೊಟ್ಟಿದ್ದರು, ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ಚೌಕಾಸಿಯಲ್ಲಿ ನನಗೆ ಸರಿಸಾಟಿಯಾದ ಹೆಂಗಸು ಅದೊಂದೇ. ಒಂದು ವಾಯಿಲ್ ಸೀರೆಗೆ ಮುಚ್ಚಳದ ಡಬ್ಬಿ ಕೇಳಿ, ನಾನು ತಟ್ಟೆ ತೋರಿಸಿ, ಆಕೆ ಸೀರೆ ವಾಪಸ್ ಮಡಿಸಿ, ನಾನು ಮಂಕರಿ ಹೊರಲು ಎದ್ದು, ಆಕೆ “ಏನೇ, ಅಷ್ಟಕ್ಕೇ ಹೊರಟ್ಬಿಟ್ಯಾ?” ಎಂದು ಕೂಗಿ... ಅರ್ಧ ದಿನ ಅಲ್ಲೇ ಕಳೆಯುತ್ತಿತ್ತು. ಅವರ ಮನೆಯ ಪಕ್ಕಕ್ಕೆ ಅಂಟಿಕೊಂಡಂತೆ ತೆಂಗಿನಕಾಯಿ ಹಾಕುತ್ತಿದ್ದ ಕೋಣೆಯೊಂದು ಖಾಲಿ ಬಿದ್ದಿತ್ತು. ಬಾಗಿಲಿತ್ತು, ಒಳಗಿನಿಂದ ಚಿಲಕವೂ ಇತ್ತು. ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ.

“ನಮ್ಮನೇಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಆಗ್ತೈತಾ ನಿನ್ ಕೈಲಿ?” ಅಂದರು.

“ಈರುಳ್ಳಿ ಬಿಡ್ತೀನಿ ಕಣಮ್ಮ. ಹಾಸನದ ಸೀಮೇಲಿ ಹುಟ್ಟಿ ಆಲೂಗಡ್ಡೆ ಬಿಡು ಅಂದ್ರೆ ಹೆಂಗೆ?”

“ಎರಡೂ ಮಣ್ಣೊಳಗಿಂದೇ ತಾನೇ? ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದಾ?”

“ಬೇಲೂರಿನ ಹೋಟ್ಲಲ್ಲಿ ತಿಂದು, ಬಾಯಿ ಮುಕ್ಕಳಿಸ್ಕೊಂಡು ಬತ್ತೀನಿ.”

“ತಿಂದಿದ್ದನ್ನ ನಂಗೆ ಹೇಳ್ಬೇಡ ಮತ್ತೆ,” ಎಂದು ನಕ್ಕು, “ಮಗನ್ನ ಒಂದ್ ಮಾತು ಕೇಳ್ತೀನಿ. ಮುಂದಿನ ವಾರ ಬಾ” ಎಂದರು.

ಮುಂದಿನ ವಾರ ಮಧ್ಯಾಹ್ನ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಮಗ ಊಟಕ್ಕೆ ಬಂದಿದ್ದ. ನಾನು ಜಗಲಿಯಲ್ಲಿ ಮಂಕರಿ ಇಳಿಸಿದ ಸದ್ದಿಗೆ ಆತ ಒಳಗಿನಿಂದ, “ಯಾರಮ್ಮ?” ಎಂದ.

“ಅದೇ ಕಣೋ, ಪಾತ್ರೆದು. ರೂಮಿಗೆ ಅಂತ ಬಂದೈತೆ. ಬಿಸಿಲಲ್ಲಿ ನಿಂತೈತೆ ನೋಡು, ಒಳಕ್ಕೆ ಕರಿ.”

“ನಾಲ್ಕು ಜನ ಏನಂತಾರಮ್ಮ?”

“ನಾಲ್ಕು ಜನ ಬಂದು ನಂಗೆ ನೀರು ಸೇದಿ ಕೊಡ್ತಾರಾ? ಸೊಸೆ ಬರಾಗಂಟ ಒಬ್ಬಳೇ ಇರ್ಬೇಕಲ್ಲೋ. ಅದು ಇದ್ರೆ ಮಾತಿಗೊಂದು ಜೀವ ಆಯ್ತು.”

ಇದನ್ನು ಈಗ ಓದುವಾಗ ನಿಮಗೆ ಏನೂ ಅನ್ನಿಸದಿರಬಹುದು. ಕೋಣೆ ಸಿಕ್ಕಿತಲ್ಲ ಎನ್ನುತ್ತೀರಿ. ನನಗೆ ಕೇಳಿಸಿದ್ದು ಕೋಣೆಯಲ್ಲ. ಬಂದೈತೆ, ನಿಂತೈತೆ, ಅದು. ವಠಾರದ ಗಂಡಸರು ಸೀರೆ ಎಳೆದಾಗ ಅಂದಿದ್ದೂ ಅದನ್ನೇ. ಅವರು ಅಂದರೆ ಉಗುಳಿ ಮುಂದೆ ಹೋಗಬಹುದು. ಇಷ್ಟು ವರ್ಷ ಎದುರು ಕೂತು ಚೌಕಾಸಿ ಮಾಡಿದ ಹೆಂಗಸಿನ ಬಾಯಲ್ಲೂ ನಾನು ಕಲ್ಲು, ಕಂಬ, ಕೋಳಿ ಇದ್ದ ಹಾಗೆ ಎಂದರೆ? ಮಗ ಹೊರಗೆ ಬಂದು, “ಬನ್ನಿ, ಒಳಗೆ ಬನ್ನಿ” ಎಂದ. ನಾನು ಅವನ ಮುಖ ನೋಡದೆ, “ಕೋಣೆ ಥಂಡಿ ಇದ್ದಂಗೈತೆ, ಬ್ಯಾಡ ಬಿಡಿ” ಎಂದು ಮಂಕರಿ ಎತ್ತಿ ತಲೆಗಿಟ್ಟುಕೊಂಡೆ. ಕೋಣೆಯ ಒಳಗೆ ಕಾಲೇ ಇಟ್ಟಿರಲಿಲ್ಲ. ಒಳಗಿನಿಂದ, “ಯಾಕೇ? ಏನಾಯ್ತೇ?” ಎಂಬ ಕೂಗು ಬಂತು. ನಾನು ತಿರುಗಲಿಲ್ಲ.

ಅರಸೀಕೆರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು, ಜೊತೆಯಲ್ಲಿ ಎರಡು ಜಡೆ ಹಾಕಿದ ಮಗಳು. ಹುಡುಗಿಗೆ ಪುರಿ ಕೊಡಲು ಹೋದ ಅಂಗಡಿಯವನಿಗೆ ಆಕೆ ಹೇಳುತ್ತಿದ್ದಳು: “ಬ್ಯಾಡ ಕಣಣ್ಣ, ಅದಕ್ಕೆ ಬಸ್ಸು ಆಗಾಕಿಲ್ಲ. ಈಗ ತಿಂದ್ರೆ ಜಾವಗಲ್ಲಿಗೆ ಕಕ್ಕೊಂತೈತೆ.”

ನಾನು ತಿರುಗಿ ನೋಡಿದೆ. ಆ ಹುಡುಗಿಗೆ ಬೇಜಾರಾದ ಹಾಗೇನೂ ಕಾಣಲಿಲ್ಲ. ಪುರಿಗೆ ಕೈ ಚಾಚಿ ಏಟು ತಿಂದಳು ಅಷ್ಟೇ.

ಆಗ ನನ್ನ ತಲೆ ಕೆಟ್ಟುಹೋಯಿತು. ನಮ್ಮ ಅವ್ವನೂ ಅಕ್ಕನನ್ನು ಹಾಗೇ ಅನ್ನುತ್ತಿದ್ದಳಲ್ಲ. ‘ಅದು ನೀರಿಗೆ ಹೋಗೈತೆ’, ‘ಅದಕ್ಕೆ ಜ್ವರ ಬಂದೈತೆ’. ನನಗೆ ಮಾತ್ರ ‘ಅವನು’. ‘ಅವನಿಗೆ ಮುದ್ದೆ ಇಡು’, ‘ಅವನು ಯಾಕೆ ಹೆಣ್ಣುಮಕ್ಕಳ ಜೊತೆ ಕುಂತವ್ನೆ?’ ಚಿಕ್ಕವಳಿದ್ದಾಗ ಆ ‘ಅವನು’ ಕೇಳಿ ಕೇಳಿ, ಅಕ್ಕನ ಹಾಗೆ ನನ್ನನ್ನೂ ‘ಅದು’ ಅನ್ನಬಾರದೇ ಎಂದು ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು. ಊರು ಬಿಟ್ಟ ಮೇಲೆ ಅದೇ ಮಾತು ಕಲ್ಲಾಗಿ ಬೀಳತೊಡಗಿ, ಮೊದಲಿನದು ಮರೆತೇಹೋಗಿತ್ತು.

ಹಾಗಾದರೆ ಇವರು ಅಂದದ್ದು ಯಾವುದು? ಅಕ್ಕನಿಗೆ ಅಂದದ್ದೋ, ವಠಾರದವರು ಅಂದದ್ದೋ? ಯೋಚಿಸಿದಷ್ಟೂ ಸಿಕ್ಕು. ಎದುರಿಗೆ ಮಾತಾಡುವಾಗ ‘ಏನೇ’, ‘ಯಾಕೇ’ ಅನ್ನುತ್ತಾರೆ, ಹೆಂಗಸರಿಗೆ ಅನ್ನುವ ಹಾಗೆ. ಅದನ್ನಾದರೂ ನಂಬೋಣವೆಂದರೆ, ಕಾಲೇಜು ಹುಡುಗರು ಬಸ್ಸಿನ ಕಿಟಕಿಯಿಂದ ‘ಏನೇ, ಬಾರೇ’ ಎಂದು ಕಿರುಚುವುದೂ ನನಗೇ. ಮಗ ‘ಬನ್ನಿ’ ಎಂದ. ಅದು ಮರ್ಯಾದೆಯೋ, ಅವನು-ಅವಳು ಎರಡರಿಂದಲೂ ತಪ್ಪಿಸಿಕೊಳ್ಳುವ ಜಾಣತನವೋ? ಸೀರೆಯಾದರೆ ಬಿಸಿಲಿಗೆ ಹಿಡಿದು ನೂಲು ನೋಡಬಹುದು. ಮಾತನ್ನು ಯಾವ ಬಿಸಿಲಿಗೆ ಹಿಡಿಯುವುದು?

ಬಸ್ಸು ಬಂತು. ತಾಯಿ ಮಗಳು ಹತ್ತಿದರು. ಕಂಡಕ್ಟರ್ ನನ್ನ ಮಂಕರಿ ನೋಡಿ, “ಹತ್ತೋದಾ ಇಲ್ವಾ?” ಎಂದು ಕೇಳಿ, ನಾನು ಕಟ್ಟೆ ಬಿಟ್ಟು ಏಳದ್ದಕ್ಕೆ ಸೀಟಿ ಊದಿದ. ಬಸ್ಸು ಹೋದ ಮೇಲೆ ಎದ್ದು ಬಸ್ತಿಯ ಕಡೆಗೆ ನಡೆದೆ. ಧೈರ್ಯ ಬಂದು ಹೋದೆ ಎಂದುಕೊಳ್ಳಬೇಡಿ. ಸ್ಟೇಷನ್ನಿನ ಬೆಂಚು ನೆನಪಾಗಿ ಬೆನ್ನು ನೊಂದಿತು, ಅಷ್ಟೇ. ಜೊತೆಗೆ, ಗಿರಾಕಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಎದ್ದು ಬಂದದ್ದು ನನ್ನ ಕಸುಬಿಗೇ ಅವಮಾನ ಅನ್ನಿಸಿತು.

ಹಿರಿಯಾಕೆ ಜಗಲಿಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. “ಥಂಡಿ ಬಿಟ್ಟೋಯ್ತಾ?” ಎಂದರು ತಲೆ ಎತ್ತದೆ.

“ಕೋಣೆ ತಗೊಂತೀನಿ. ಒಂದು ಕರಾರು,” ಎಂದೆ.

“ಏನು, ಆಲೂಗಡ್ಡೆನಾ?”

“ಅಲ್ಲ. ನನ್ ವಿಷ್ಯ ಯಾರಿಗಾದ್ರೂ ಹೇಳೋವಾಗ ಅದು ಅನ್ಬಾರ್ದು. ಅವಳು ಅನ್ಬೇಕು.”

ಅವರು ಕಾಳು ಬಿಟ್ಟು ನನ್ನನ್ನೇ ನೋಡಿದರು. ನಿಜವಾಗಿಯೂ ಅರ್ಥವಾಗದ ಮುಖ. “ಅವಳು ಅನ್ನೋಕೆ ನೀನೇನು ನನ್ ವಾರಗಿತ್ತಿನಾ? ಅವಳು ಅಂತ ನಾನು ಅನ್ನೋದು ಆಗದೇ ಇರೋರಿಗೆ. ಸೊಸೆ ಬಂದ ಹೊಸದ್ರಲ್ಲಿ ಅವಳು ಅಂತಿದ್ದೆ ಅಂತ ಮಗ ಎರಡು ದಿನ ಊಟ ಬಿಟ್ಟಿದ್ದ.”

“ಮತ್ತೆ ಮಗಳಿಗೆ?”

“ಅದಕ್ಕಾ? ಅದಕ್ಕೇನಂತೀನಿ, ಅದು ಅಂತೀನಿ.” ಆಮೇಲೆ ತಮಗೇ ಹೊಳೆದಂತೆ, “ಎಮ್ಮೆಗೂ ಅದು ಅಂತೀನಿ, ನಿಜ ಕಣೇ” ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

“ನಾನು ಯಾವ ಕಡೆ ಅಮ್ಮ? ಮಗಳ ಕಡೆನಾ, ಎಮ್ಮೆ ಕಡೆನಾ?”

“ಹಾಲು ಕೊಡ್ತೀಯಾ?”

“ಇಲ್ಲ.”

“ಹಂಗಾದ್ರೆ ಎಮ್ಮೆ ಅಲ್ಲ. ಹೋಗು, ಕೋಣೆ ಗುಡಿಸ್ಕೋ. ಹೊತ್ತು ಮುಳುಗೋ ಮುಂಚೆ ಉಣ್ಣಾಕೆ ಬಾ.”

ನನ್ನ ಜೀವನದಲ್ಲಿ ಒಂದು ಕರಾರೂ ಗೆಲ್ಲದೆ ಮುಗಿಸಿದ ವ್ಯಾಪಾರ ಅದು. ಈರುಳ್ಳಿ ಹೋಯಿತು, ‘ಅವಳು’ ಸಿಗಲಿಲ್ಲ. ಕಸಬರಿಕೆ ಹಿಡಿದು ಕೋಣೆ ಗುಡಿಸುತ್ತಾ, ಅವರು ಹೇಳಿದ್ದರಲ್ಲಿ ನನ್ನ ಪ್ರಶ್ನೆಗೆ ಉತ್ತರ ಇತ್ತೋ ಇಲ್ಲವೋ ಎಂದು ಹಿಂದೆ ಮುಂದೆ ಮಾಡುತ್ತಲೇ ಇದ್ದೆ. ಎಮ್ಮೆ ಅಲ್ಲ ಎಂದರು. ಮಗಳು ಎಂದು ಎಲ್ಲಿ ಹೇಳಿದರು?

ಕೋಣೆಯಲ್ಲಿ ಮತ್ತೆ ಸಂಜೆಗಳು ಬಂದವು. ಇಲ್ಲಿ ಊಟ ಬೆಳಕಿನಲ್ಲೇ ಮುಗಿಯುತ್ತಿದ್ದುದರಿಂದ ಸಂಜೆ ಉದ್ದವಾಗಿತ್ತು. ಸೀರೆ ಒಗೆದು ಹಿತ್ತಲ ತಂತಿಗೆ ಹಾಕಿದರೆ ಹಿರಿಯಾಕೆ ಬಂದು ಸೆರಗು ಹಿಡಿದು ನೋಡಿ, “ಇದನ್ನ ಮಾರ್ಬೇಡ, ಚೆನ್ನಾಗೈತೆ” ಎಂದೋ, “ಇದನ್ನ ಉಟ್ಟೋಳು ಒಲೆ ಮುಂದೆ ಸೆರಗು ಸಿಗಿಸ್ಕೊಳ್ತಿರ್ಲಿಲ್ಲ ನೋಡು, ಸುಟ್ಟೈತೆ” ಎಂದೋ ಹೇಳುತ್ತಿದ್ದರು. ಬಾಗಿಲು ಹಾಕಿಕೊಂಡು ಉಟ್ಟು ನೋಡುತ್ತಿದ್ದವಳು ಒಂದೆರಡು ಸಲ ಬಾಗಿಲು ಹಾಕುವುದನ್ನೇ ಮರೆತೆ. ಬೀದಿಯಲ್ಲಿ ಒಂದಿಬ್ಬರು ಆಡಿಕೊಂಡರು. ಅಂಗಡಿಯಲ್ಲಿ ಯಾರೋ ಕೇಳಿದ್ದಕ್ಕೆ ಮಗ, “ಅಮ್ಮನ ಜೊತೇಲಿ ಇದಾರೆ” ಎಂದನಂತೆ. ಯಾರು ಇದಾರೆ ಎಂದು ಹೇಳಲಿಲ್ಲವಂತೆ. ಇದನ್ನು ನನಗೆ ತಂದು ಹೇಳಿದವರಿಗೆ ನಗು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಒಂದು ಸೌಟು ಕೊಟ್ಟು ಹಳೇ ಲಂಗ ತೆಗೆದುಕೊಂಡೆ.

ಇಷ್ಟಾದರೂ ಒಳಗೊಂದು ಅಳುಕು ಇದ್ದೇ ಇತ್ತು. ಸೊಸೆ ಬರುತ್ತಾಳೆ, ಮಗುವಿನ ಮನೆ, ನೆಂಟರು ಬರುತ್ತಾರೆ. ಆಗ ‘ಅದು ಯಾಕೆ ಇಲ್ಲೈತೆ?’ ಎಂದು ಯಾರಾದರೂ ಕೇಳಿದರೆ ಹಿರಿಯಾಕೆಯ ಬಾಯಲ್ಲಿ ಏನು ಬರುತ್ತದೋ. ನಾನು ಅವರಿಗೆ ಯಾರು ಎಂದು ತಿಳಿಯದೆ ಗಂಟು ಬಿಚ್ಚಿ ನೆಮ್ಮದಿಯಾಗಿ ಸಾಮಾನು ಜೋಡಿಸಲು ಮನಸ್ಸು ಬರಲಿಲ್ಲ. ಮಂಕರಿ ಬಾಗಿಲ ಪಕ್ಕದಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಬೇಲೂರಿನ ಬಸ್ಸಿಗೆ ಹೊರಡುವ ಆತುರದಲ್ಲಿದ್ದೆ. ಬಚ್ಚಲುಮನೆಯಿಂದ ಕೂಗು ಬಂತು. “ಏನೇ, ಇದ್ದೀಯಾ? ಬಾ ಇಲ್ಲಿ, ಬೆನ್ನು ಉಜ್ಜು. ಸೊಸೆ ಹೋದಾಗ್ನಿಂದ ಯಾರೂ ಉಜ್ಜಿಲ್ಲ, ಕೈ ಎಟುಕಾಕಿಲ್ಲ.”

ಬಚ್ಚಲ ಬಾಗಿಲಿಗೆ ಬಂದು ನಿಂತುಬಿಟ್ಟೆ. ಹಂಡೆಯ ಹಬೆ, ಸೀಗೆಪುಡಿಯ ಘಾಟು. ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಆ ಕಡೆ ಮುಖ ಮಾಡಿ ಕೂತಿದ್ದರು. ಮೈಮೇಲೆ ಸೊಂಟಕ್ಕೆ ಸುತ್ತಿದ ಒದ್ದೆ ಬಟ್ಟೆ ಬಿಟ್ಟರೆ ಏನಿಲ್ಲ. ಇಂಥ ಹೊತ್ತಿನಲ್ಲಿ ಒಂದು ಮನೆಯ ಹೆಂಗಸು ಒಳಗೆ ಕರೆಯುವುದು ಮಗಳನ್ನು, ಸೊಸೆಯನ್ನು. ಆ ಲೆಕ್ಕದಲ್ಲಿ ನನಗೆ ಬೇಕಾದದ್ದು ಸಿಕ್ಕಂತೆ. ಆದರೆ ಎಮ್ಮೆಯ ಮುಂದೆಯೂ ಯಾರೂ ನಾಚುವುದಿಲ್ಲವಲ್ಲ. ನಾನು ಹೆಣ್ಣು ಎಂದು ಕರೆದರೋ, ನಾಚಿಕೊಳ್ಳಬೇಕಾದಂಥದ್ದು ಏನೂ ಅಲ್ಲ ಎಂದು ಕರೆದರೋ? ಹೊಸ್ತಿಲ ಮೇಲೆ ಒಂದು ಕಾಲು, ಹೊರಗೊಂದು ಕಾಲು.

“ಬಾಗಿಲು ಮುಂದಕ್ಕೆ ಮಾಡೇ, ಮಗ ಹಿತ್ತಲಲ್ಲವ್ನೆ, ಕಂಡಾನು,” ಎಂದರು.

ಬಾಗಿಲು ಹಾಕಿ ಒಳಗೆ ಬಂದೆ. ಸೀಗೆಪುಡಿ ಕಲಸಿ ಬೆನ್ನಿಗೆ ಹಚ್ಚಿದೆ. ಬೆನ್ನು ಸುಕ್ಕುಗಟ್ಟಿದ್ದರೂ ಬೆಚ್ಚಗಿತ್ತು. ನನ್ನ ಅವ್ವ ಅಕ್ಕನ ಬೆನ್ನು ಉಜ್ಜುತ್ತಿದ್ದಾಗ ನನ್ನನ್ನು ಹೊರಗೆ ಕಳಿಸುತ್ತಿದ್ದಳು. ಹೆಣ್ಣೊಬ್ಬಳ ಬೆನ್ನು ಉಜ್ಜುವುದು ಹೇಗೆಂದು ನಾನು ಕಲಿತದ್ದೇ ಇಲ್ಲ. ಎಷ್ಟು ಒತ್ತಬೇಕೋ ಗೊತ್ತಾಗದೆ ಹಗುರಾಗಿ ಸವರುತ್ತಿದ್ದೆ.

“ಕಚಗುಳಿ ಇಕ್ತಿದ್ದೀಯಾ? ಗಟ್ಟಿಯಾಗಿ.”

ಗಟ್ಟಿಯಾಗಿ ಉಜ್ಜಿದೆ. ಅವರು ಸುಖವಾಗಿ ನರಳಿ, ತಲೆ ಇನ್ನಷ್ಟು ಬಾಗಿಸಿಕೊಂಡರು. ಆಮೇಲೆ, “ನಿನ್ ಬೆನ್ನು ಯಾರು ಉಜ್ಜೋರು?” ಎಂದರು.

“ಯಾರಿದಾರೆ ಕಣಮ್ಮ.”

“ನಾಳೆ ಹಂಡೆಗೆ ಇನ್ನೊಂದು ಕೊಡ ನೀರು ಹುಯ್ಯಿ. ನಾನು ಉಜ್ತೀನಿ.”

ಎದುರಿನವರು ಹೇಳಿದ್ದಕ್ಕೆ ತಕ್ಷಣ ಹೂಂ ಅನ್ನಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ದಿನ ನನಗೆ ಹೂಂ ಎನ್ನಲೂ ಬರಲಿಲ್ಲ, ಉಹೂಂ ಎನ್ನಲೂ ಬರಲಿಲ್ಲ. ನನ್ನ ಬೆನ್ನನ್ನು ಬುದ್ಧಿ ಬಂದ ಮೇಲೆ ಯಾರೂ ನೋಡಿರಲಿಲ್ಲ. ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದೆ. ಹೊರಗೆ ಬೇಲೂರಿನ ಬಸ್ಸು ಹಾರನ್ ಹೊಡೆದು ಹೋಯಿತು.

“ಏನೇ ಯೋಚ್ನೆ? ಕಣ್ಣಿಗೆ ಸೀಗೆ ಇಳೀತೈತೆ, ನೀರು ಹುಯ್ಯಿ,” ಎಂದರು.

ಹುಯ್ದೆ.